ಬಳೆಗಾರ್ತಿಯ ಅರ್ಜಿ

ಬಳೆಗಾರ್ತಿ ನೂರಜಾನಬಿಯ ಮೊಮ್ಮಗಳು ಫರಹೀನ ಮೇಜಿನ ಮೇಲಿಟ್ಟ ಹಳದಿಗಟ್ಟಿದ ಕಾಗದದಲ್ಲಿ, ನಿವೃತ್ತ ಕನ್ನಡ ಶಿಕ್ಷಕ ಧನಪಾಲ ಮಾಸ್ತರರು ತಮ್ಮ ಅಕ್ಷರವನ್ನು ದೂರದಿಂದಲೇ ಗುರುತಿಸಿದರು. ನಲವತ್ತೈದು ವರ್ಷ ಕಳೆದರೂ ಅದರ ದುಂಡು ಕೆಟ್ಟಿರಲಿಲ್ಲ.

“ದಾದಿಮಾ ಪಿಂಚಣಿಗೆ ಹಾಕಿದ್ದ ಅರ್ಜಿರಿ. ನಮ್ಮೂರಾಗ ಸ್ವಾತಂತ್ರ್ಯ ಹೋರಾಟಗಾರರ ಹೆಸರಿನ ಕಲ್ಲ ನಿಲ್ಲಸಾಕತ್ತಾರ. ಇದನ್ನ ಓದಿ ಕಮಿಟಿಯವರು ನಕ್ಕರು. ‘ರೊಟ್ಟಿ ಬಡದಾಕಿ ಹೆಸರ ಕಲ್ಲಿಗ್ಯಾಕವ್ವಾ, ಹಂಚಿನ ಮ್ಯಾಲ ಬರಸು’ ಅಂದ್ರು.”

ನೂರಜಾನಬಿ ರೊಟ್ಟಿ ಬಡಿದವಳಲ್ಲ. ಮಹಾಯುದ್ಧದ ಕಾಲದಲ್ಲಿ, ಚಲೇಜಾವ್ ಚಳವಳಿ ಹಬ್ಬಿದ್ದಾಗ, ಬಳೆಯ ಮಲಾರ ಹೊತ್ತು ಚಿಕ್ಕೋಡಿಯ ಪೊಲೀಸರ ವಸತಿಗೆ ಹೋಗಿಬರುತ್ತಿದ್ದ ಹೋರಾಟಗಾರರ ಬೇಹುಗಾರ್ತಿ. ಅರ್ಜಿ ಬರೆಸಲು ಬಂದಾಗ ಮಾಸ್ತರರ ಇದೇ ಪಡಸಾಲೆಯಲ್ಲಿ ಕುಳಿತು ಆಕೆಯೇ ಅದನ್ನು ಹೇಳಿದ್ದಳು.

“ಬಳಿ ಇಡಾಕ ಕೈ ಹಿಡದ್ರ ಫೌಜದಾರನ ಹೆಂಡ್ತಿ ಮನಿ ಮಾತೆಲ್ಲಾ ಆಡತಿದ್ಲು, ಮಾಸ್ತರ. ಪೊಲೀಸ್ ಲೈನಿನ ಹೆಂಗಸರೆಲ್ಲಾ ಒಂದ ದಿನಾ ತವರಿಗೆ ಹೋಗಾಕಂತ ಬಳಿ ಇಟಗೊಂಡ್ರಂದ್ರ, ಗಂಡಸರು ಎಲ್ಲೋ ದಾಳಿಗೆ ಹೊಂಟಾರಂತ ತಿಳೀತಿತ್ತು. ನಾ ಯಡೂರ ಹಾದಿ ಹಿಡೀತಿದ್ನಿ. ಅಲ್ಲಿ ಅಡಗಿದ್ದ ಹುಡುಗ್ರು ನನ್ನ ಸುದ್ದಿ ಕೇಳಿ ಹೊಳಿ ದಾಟತಿದ್ರು.”

ಆಗ ಮಾಸ್ತರರಿಗೆ ಇಪ್ಪತ್ತಾರು. ಬೇಹುಗಾರಿಕೆ ಎಂಬ ಮಾತು ಹೆಣ್ಣಿನ ಹೆಸರಿಗೆ ಶೋಭಿಸದು, ಪೊಲೀಸರ ವಸತಿಯಲ್ಲಿ ಓಡಾಡಿದಳೆಂದರೆ ಓದಿದವರು ಏನೆಂದುಕೊಂಡಾರು ಎಂದು ಯೋಚಿಸಿ, ಅದನ್ನೆಲ್ಲ ಬಿಟ್ಟು, “ದೇಶಭಕ್ತರಿಗೆ ರೊಟ್ಟಿ ಬಡಿದು ಪೋಷಿಸಿದ ಮಾತೃಹೃದಯಿ” ಎಂದು ಬರೆದರು. ವಾಕ್ಯ ಚೆನ್ನಾಗಿ ಕುದುರಿತೆಂದು ಹಿಗ್ಗಿದರು. ಓದು ಬಾರದ ನೂರಜಾನಬಿ ಹೆಬ್ಬೆಟ್ಟು ಒತ್ತಿ, ಅವರ ಹೊಸ ಮಡದಿಯ ಕೈಗೆ ಒಂದು ಡಜನ್ ಹಸಿರು ಬಳೆ ಇಟ್ಟು ಹೋದಳು. ಊಟ ಹಾಕಿದ್ದು ಹೋರಾಟವಲ್ಲವೆಂದು ಅರ್ಜಿ ಮರಳಿತು. ಮಾಸ್ತರರು ಅದನ್ನು ಕೇಳಿಯೂ ಸುಮ್ಮನಿದ್ದರು.

“ಬರದಾಂವ ಯಾವ ಮಾಸ್ತರನೋ ಗೊತ್ತಿಲ್ರಿ,” ಎಂದಳು ಫರಹೀನ. “ಮುತ್ತಿನಂಥಾ ಅಕ್ಷರದಾಗ ಸುಳ್ಳ ಬರದಾನ. ದಾದಿಮಾನ ಬಾಯಿಂದ ಖರೇ ಕೇಳಿದ ಹೊರಗಿನವರು ಯಾರರೆ ಇದ್ರ ಬರಸಿಕೊಂಡ ಬಾ ಅಂದಾರ ಕಮಿಟಿಯವರು. ನಿಮ್ಮ ಮನಿಗೂ ಬರತಿದ್ಲಲ್ರಿ, ಏನರೆ ಹೇಳಿದ್ಲೇನು?”

ಇಲ್ಲವೆಂದುಬಿಡುವುದು ಸುಲಭವಿತ್ತು. ಸಾಕ್ಷಿ ಬರೆದರೆ ಅಕ್ಷರವೇ ಅವರನ್ನು ಹಿಡಿದುಕೊಡುತ್ತಿತ್ತು.

“ಹೇಳಿದ್ಲು,” ಎಂದರು ಮಾಸ್ತರರು. “ಇದನ್ನ ಬರದಾಂವನೂ ನಾನ, ತಂಗಿ.”

ಫರಹೀನ ಕಾಗದವನ್ನು ತನ್ನ ಕಡೆ ಎಳೆದುಕೊಂಡಳು.

“ಸಾಯೂತನಕ ಇದನ್ನ ಬಳಿ ಗಂಟಿನಾಗ ಇಟ್ಟಿದ್ಲು. ಯಾರ ಕೈಗೂ ಕೊಡತಿರಲಿಲ್ಲ. ದೂರಿಂದ ತೋರಸಿ, ‘ನಮ್ಮ ಮಾಸ್ತರ ನನ್ನ ಕತಿ ಎಷ್ಟ ಚೆಂದ ಬರದಾರ ನೋಡ್ರಿ’ ಅಂತಿದ್ಲು.”

ಮಾಸ್ತರರು ಹೊಸ ಹಾಳೆ ತೆಗೆದುಕೊಂಡರು. ಫೌಜದಾರನ ಹೆಂಡತಿ, ತವರಿಗೆ ಹೋಗುವ ಬಳೆ, ಯಡೂರಿನ ಹಾದಿ, ಎಲ್ಲವನ್ನೂ ಆಕೆ ಆಡಿದ ಮಾತಿನಲ್ಲಿಯೇ ಇಳಿಸಿದರು. ಹಳೆಯ ಅರ್ಜಿ ಬರೆದು ಸತ್ಯವನ್ನು ಮರೆಮಾಡಿದವನು ನಾನೇ ಎಂದು ಕೊನೆಗೆ ಸೇರಿಸಿ, ಪೂರ್ಣ ಹೆಸರಿನ ಸಹಿ ಹಾಕಿದರು.

ಫರಹೀನ ಎರಡು ಸಲ ಓದಿ, ಮಾಸ್ತರರ ಮಡದಿ ತಂದಿಟ್ಟಿದ್ದ ಚಹಾ ಮುಟ್ಟದೆ ಎದ್ದಳು.

“ಕಲ್ಲಿಗೆ ಇಷ್ಟ ಸಾಕ್ರಿ,” ಎಂದಳು.

ಮಡದಿ ತುಂಬಿದ ಕಪ್ಪನ್ನು ಒಯ್ಯಲು ಬಂದಾಗ, ಆಕೆಯ ಕೈಬಳೆಗಳ ಸದ್ದಿಗೆ ಮಾಸ್ತರರು ತಲೆಯೆತ್ತಲಿಲ್ಲ.