ಅವ್ವನ ಮುಂದೆ ಸಾಕ್ಷಿ

ಬಿಟಿಎಂ ಎರಡನೇ ಹಂತದಲ್ಲಿ ನಾನೂ ನಿಂಗರಾಜನೂ ಹಂಚಿಕೊಂಡಿದ್ದ ಮೂರನೇ ಮಹಡಿಯ ಕೋಣೆ ಈಗ ಯಾರದೋ ಜಿಮ್ ಆಗಿದೆ. ಅಲ್ಲಿ ಬೆವರು ಸುರಿಸುವವರಿಗೆ ಗೊತ್ತಿಲ್ಲ, ಒಂದು ಭಾನುವಾರ ನಾವಿಬ್ಬರೂ ಡಂಬೆಲ್ ಇಲ್ಲದೆಯೇ ಅಲ್ಲಿ ಬೆವತಿದ್ದೆವು ಎಂದು.

ನಿಂಗರಾಜ ಬಾಗಲಕೋಟೆ ಕಡೆಯ ಲಿಂಗಾಯತರ ಹುಡುಗ. ಅವನು ಡೆಂಗಿ ಬಂದು ಮಲಗಿದ್ದಾಗ ನಾನು ತುಮಕೂರಿನಲ್ಲಿ ಅಕ್ಕನ ಮದುವೆಯ ಹೋಳಿಗೆ ತಿನ್ನುತ್ತಿದ್ದೆ. ಗಂಜಿ ತಂದು ಕುಡಿಸಿದ್ದು ಅವನ ಆಫೀಸಿನ ಲತಾಮಣಿ ಆಂಟಿ, ಅರೆಕೆರೆಯ ಸಣ್ಣದೊಂದು ಕ್ರೈಸ್ತ ಸಭೆಯವರು. ಗಂಜಿಯ ಹಿಂದೆ ಪ್ರಾರ್ಥನೆ ಬಂತು, ಪ್ರಾರ್ಥನೆಯ ಹಿಂದೆ ಬೈಬಲ್. ಮುಂದಿನ ಬೇಸಿಗೆಗೆ ದೀಕ್ಷಾಸ್ನಾನ. ನಮ್ಮ ನಲ್ಲಿಯಲ್ಲಿ ಮುಖ ತೊಳೆಯಲೂ ನೀರಿರಲಿಲ್ಲ. ಇವನು ಪೂರ್ತಿ ಮುಳುಗಿ ಎದ್ದು ಬಂದ. ನನಗೆ ಶುದ್ಧ ಹೊಟ್ಟೆಕಿಚ್ಚು.

"ಅವ್ವ ಬರಾಕತ್ತಾಳೋ," ಎಂದ ಒಂದು ಸಂಜೆ. "ಮಂದಿ ಬಾಯಿಂದ ಗೊತ್ತಾಗೂದ್ರಾಗ ನಾನ ಸಾಕ್ಷಿ ಹೇಳಬೇಕು."

"ಯಾವ ಕೇಸಲ್ಲಿ ಗುರು?"

"ಯೇಸು ನನಗೇನು ಮಾಡಿದ ಅಂತ ಹೇಳೂದಕ್ಕ ಸಾಕ್ಷಿ ಅಂತಾರಲೇ, ಮಳ್ಳ." ಅವನು ನಗಲಿಲ್ಲ. "ಅದನ್ನ ಕೇಳಿ ಅವ್ವ, ನೀ ನನ್ನ ಮಗನ ಅಲ್ಲ ಅಂದಬಿಟ್ರ?"

ಫೋನಿನಲ್ಲಿ ಕೇಳಿ ಕೇಳಿ ಅವನವ್ವ ಶಂಕ್ರವ್ವನ ದನಿ ನನಗೆ ಬಾಯಿಪಾಠವಾಗಿತ್ತು. ಅವನ ತಾಲೀಮಿಗೆಂದು ಟವೆಲ್ಲನ್ನು ತಲೆಯ ಮೇಲೆ ಸೆರಗಿನಂತೆ ಹೊದ್ದು ಟೆರೇಸಿನಲ್ಲಿ ಅವ್ವನಾಗಿ ಕುಳಿತೆ. ಅವನು ಸಾಕ್ಷಿ ಶುರು ಮಾಡಿದರೆ ಸಾಕು, "ನನ್ನ ಹೊಟ್ಟ್ಯಾಗ ಯಾಕರ ಹುಟ್ಟಿದ್ಯೋ!" ಎಂದು ಎದೆ ಬಡಿದುಕೊಳ್ಳುತ್ತಿದ್ದೆ. ಪಕ್ಕದ ಮನೆಯ ಅಂಜನಮ್ಮ ಬಟ್ಟೆ ಒಣಹಾಕುತ್ತ ಇಣುಕಿ, "ಊರಿಂದ ನಿಮ್ಮಮ್ಮ ಬಂದವ್ರಾ? ಯಾಕಪ್ಪಾ ಅಳ್ತಾವ್ರೆ?" ಎಂದು ಕೇಳಿದರು. ನನ್ನ ಬದುಕಿನ ಅತಿ ದೊಡ್ಡ ಪ್ರಶಸ್ತಿ ಅದು.

ಆ ಭಾನುವಾರ ನಿಜವಾದ ಶಂಕ್ರವ್ವ ಬಂದರು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಪೂಜೆ ಮುಗಿಸಿ, ಬುತ್ತಿಯ ರೊಟ್ಟಿ ಬಿಚ್ಚುವಾಗ ನಿಂಗರಾಜ ಎಲ್ಲವನ್ನೂ ಹೇಳಿದ. ಜ್ವರ, ಗಂಜಿ, ಯಾರೂ ಇಲ್ಲದ ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸಿದ್ದು. ಟೆರೇಸಿನಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದ.

ಅವರು ಎದೆ ಬಡಿದುಕೊಳ್ಳಲಿಲ್ಲ. "ಯುಗಾದಿಗೆ ಊರಿಗೆ ಬಂದಾಗ ತಬ್ಬಿಕೊಂಡ್ನಲ್ಲ, ನಿನ್ನ ಎದಿಮ್ಯಾಲಿನ ಲಿಂಗ ನನಗ ತಾಗಲಿಲ್ಲ. ಅವತ್ತ ತಿಳೀತು. ನೀನಾಗೇ ಹೇಳ್ತಿ ಅಂತ ಕಾದೆ. ಎಲ್ಲಿಟ್ಟಿ?"

ಕೊರಳಿಂದ ತೆಗೆದದ್ದನ್ನು ಎಸೆಯಲು ಕೈ ಬಾರದೆ ಅವನು ಹತ್ತಿಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದ. ತಂದುಕೊಟ್ಟ. ಅವರು ಕಣ್ಣಿಗೊತ್ತಿಕೊಂಡು ತಮ್ಮ ಲಿಂಗವಸ್ತ್ರದೊಳಗೆ ಅದನ್ನೂ ಸೇರಿಸಿ ಕಟ್ಟಿಕೊಂಡರು.

"ನೀನೂ ಒಂದ್ಸಲ ಸಭೆಗೆ ಬಾ ಅವ್ವಾ."

"ನಾ ಯಾಕ ಬರ್ಲಿ? ನನ್ನ ದೇವ್ರ ನನಗ ಎಲ್ಲಿ ಕಡಿಮಿ ಮಾಡ್ಯಾನ? ಆದ್ರ ಆ ಗಂಜಿ ತಂದಾಕಿನ್ನ ಕರಕೊಂಬಾ. ಆಕಿಗೆ ನನ್ನ ಕೈಲೆ ಊಟಕ್ಕ ಹಾಕಬೇಕು." ಆಮೇಲೆ ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಒಂದ ಮಾತ ಕೇಳ್ತೀನಿ, ಖರೇ ಹೇಳು. ನಾ ಸತ್ತಾಗ ಕುಣಿಯೊಳಗ ವಿಭೂತಿ ಇಡ್ತಿಯೋ, ಇಲ್ಲೋ?"

ಹೂಂ ಅನ್ನೋ ಮಗಾ, ಒಂದು ಸುಳ್ಳು, ಎಲ್ಲ ಸರಿಹೋಗುತ್ತೆ ಎಂದು ಮನಸ್ಸಿನಲ್ಲೇ ಅವನನ್ನು ತಿವಿದೆ.

ನಿಂಗರಾಜ ಅಳುತ್ತಿದ್ದ. "ಮಣ್ಣ ಹಾಕ್ತೀನವ್ವಾ. ವಿಭೂತಿ... ನನ್ನ ಕೈಲೆ ಆಗೂದಿಲ್ಲ."

ಶಂಕ್ರವ್ವ ಅವನ ಬರಿಯ ಹಣೆಯನ್ನು ನೋಡಿದರು.

"ವಿಭೂತಿ ನಿನ್ನ ಕಾಕಾ ಇಡ್ತಾನ," ಎಂದರು. "ನೀ ಎರಡೂ ಕೈಲೆ ಮಣ್ಣ ಹಾಕು. ಒಂದ ಕೈಲೆ ಹಾಕಿಗೀಕಿದಿ ಅಂದ್ರ ನೋಡು, ಎದ್ದಬಂದು ಬಡೀತೀನಿ."

ಅವನ ತಾಟಿಗೆ ರೊಟ್ಟಿ ಹಾಕಿದರು, ಮೇಲೆ ಶೇಂಗಾ ಚಟ್ನಿ. ಅವನು ಕಣ್ಣು ಮುಚ್ಚಿ ಪ್ರಾರ್ಥನೆಗೆ ತಲೆ ಬಾಗಿಸಿದ. ಅದು ಮುಗಿಯುವವರೆಗೂ ಅವರು ತುತ್ತು ಮುಟ್ಟದೆ ಕುಳಿತಿದ್ದರು.