ಅತ್ತೆಮನೆಯ ಫರ್ನೇಸ್

ಅತ್ತೆಯ ಮನೆಗೆ ಚಳಿಗೆ ಬಿಸಿಗಾಳಿ ಊದುವ ಹೊಸ ಗ್ಯಾಸ್ ಫರ್ನೇಸ್ ಕೂರಿಸುವ ಕೆಲಸ ಷಡ್ಡಕನ ಪಾಲಾಯಿತು ಎಂದು ಕೇಳಿದಾಗ ಮೈರನ್ ಬೋಯ್ಕೋಗೆ ಬಾಯಲ್ಲಿದ್ದ ಕಾಫಿ ಕಹಿಯಾಯಿತು. ವಿನಿಪೆಗ್ ನಗರದ ಉತ್ತರ ಭಾಗದಲ್ಲಿ ಮೈರನ್ ಕೂರಿಸಿದ ಫರ್ನೇಸ್ ಇಲ್ಲದ ಬೀದಿಯೇ ಇರಲಿಲ್ಲ. ಆ ಷಡ್ಡಕ ವೆಂಡೆಲ್ ಫ್ರೀಸನ್ ಈ ಕಸುಬು ಕಲಿತದ್ದೇ ಅವನ ಹತ್ತಿರ. ಕಲಿತವನು ನಾದಿನಿ ಲ್ಯೂಬಾಳನ್ನು ಮದುವೆಯಾದ, ಸ್ವಂತ ಅಂಗಡಿ ಹಾಕಿದ, ಈಗ ಅತ್ತೆಯ ನೆಲಮಾಳಿಗೆಗೂ ಇಳಿದಿದ್ದ.

ಯಾಕೆ ಹೀಗೆ ಮಾಡಿದಳು ನಿಮ್ಮಮ್ಮ ಎಂದು ಮೈರನ್ ಎರಡು ದಿನ ಹೆಂಡತಿ ಡೇರಿಯಳ ತಲೆ ತಿಂದ. ಅವಳು ಕೊನೆಗೆ ಬೇಸತ್ತು ಬಾಯಿಬಿಟ್ಟಳು.

"ನೀನು ಕೆಲಸ ಮಾಡೋವಾಗ ಮನೇಲಿ ಯಾರೂ ಉಸಿರೆತ್ತೋ ಹಾಗಿಲ್ವಂತೆ. ವೆಂಡೆಲ್ ಆದ್ರೆ ಹಾಡ್ಕೊಂಡು ಮಾಡ್ತಾನಂತೆ. ಸಾಕಾ ಈಗ?"

ಸಾಕಾಗಲಿಲ್ಲ. ಭಾನುವಾರ ಊಟಕ್ಕೆಂದು ಹೋದಾಗ ಅತ್ತೆ ಸ್ಟೆಫಾನಿಯ, ಬಿಸಿ ಪಿರೋಹಿ ಕಡುಬುಗಳ ಮೇಲೆ ಹುರಿದ ಈರುಳ್ಳಿ ಸುರಿಯುತ್ತ, ಮನೆ ಎಷ್ಟು ಬೆಚ್ಚಗಿದೆ, ವೆಂಡೆಲ್ ಕೈ ಎಷ್ಟು ಚೊಕ್ಕ ಎಂದು ಒಂದೇ ಸಮನೆ ಹೊಗಳಿದಳು. ವೆಂಡೆಲ್ ನಾಚಿಕೊಂಡು, ಎಲ್ಲ ಮೈರನ್ ಕಲಿಸಿದ್ದೇ ಎಂದ. ಅದಕ್ಕೆ ಮೈರನ್‌ಗೆ ಇನ್ನೂ ಉರಿ ಹತ್ತಿತು. ಕೈ ತೊಳೆಯುವ ನೆಪ ಹೇಳಿ ಮೈರನ್ ನೆಲಮಾಳಿಗೆಗೆ ಇಳಿದ.

ತಪ್ಪು ಹುಡುಕಲೆಂದೇ ಇಳಿದಿದ್ದ. ಗ್ಯಾಸಿನ ಕೊಳವೆಯ ಕೀಲುಗಳಿಗೆ ಬೆರಳಾಡಿಸಿದ, ಬಿಗಿಯಾಗಿದ್ದವು. ಹೊಗೆಯ ಪ್ಲಾಸ್ಟಿಕ್ ಕೊಳವೆ ನೀರು ನಿಲ್ಲದಂತೆ ಸರಿಯಾದ ಇಳಿಜಾರಿನಲ್ಲಿ ಗೋಡೆ ದಾಟಿ, ಹಿಮ ಮುಚ್ಚದಷ್ಟು ಎತ್ತರದಲ್ಲಿ ಹೊರಗೆ ತೆರೆದುಕೊಂಡಿತ್ತು. ಆಮೇಲೆ ಪಕ್ಕದಲ್ಲಿ ಗ್ಯಾಸಿನಿಂದಲೇ ಉರಿಯುವ ಬಿಸಿನೀರಿನ ಟ್ಯಾಂಕಿನತ್ತ ಕಣ್ಣು ಹೋಯಿತು.

ಹಳೆಯ ಫರ್ನೇಸೂ ಈ ಟ್ಯಾಂಕೂ ಒಂದೇ ಇಟ್ಟಿಗೆ ಚಿಮಣಿಗೆ ಹೊಗೆ ಬಿಡುತ್ತಿದ್ದವು. ಈಗ ಹೊಸ ಫರ್ನೇಸಿನ ಹೊಗೆ ಗೋಡೆಯಿಂದಲೇ ಹೊರಹೋಗುವುದರಿಂದ, ಅಷ್ಟು ಅಗಲದ ತಣ್ಣನೆಯ ಚಿಮಣಿಯಲ್ಲಿ ಟ್ಯಾಂಕೊಂದರ ಹೊಗೆ ಮೇಲೇರಲಾರದು, ಮನೆಯೊಳಕ್ಕೇ ಮರಳುತ್ತದೆ. ಚಿಮಣಿಯೊಳಗೆ ಸಣ್ಣ ಲೋಹದ ಕೊಳವೆ ಇಳಿಸದೆ ಟ್ಯಾಂಕ್ ಹೊತ್ತಿಸಕೂಡದು, ನಿಯಮವೇ ಇದೆ. ವೆಂಡೆಲ್ ಇಳಿಸಿರಲಿಲ್ಲ. ಮೈರನ್ ಕಡ್ಡಿ ಗೀರಿ, ಆರಿಸಿ, ಅದರ ಹೊಗೆಯನ್ನು ಟ್ಯಾಂಕಿನ ನೆತ್ತಿಯ ಹೊಗೆಬಾಯಿಗೆ ಹಿಡಿದ. ಹೊಗೆ ಒಳಗೆ ಹೋಗುವ ಬದಲು ಅವನ ಮುಖಕ್ಕೇ ಬಂತು.

ಅವನಿಗೆ ಖುಷಿಯಾಯಿತು. ಆ ಖುಷಿ ಎಂಥದ್ದೆಂದು ಅವನು ಯೋಚಿಸಲಿಲ್ಲ. ಗುರುವಾರ ಕೆಲಸ ಪರೀಕ್ಷಿಸಲು ಗ್ಯಾಸ್ ಇನ್‌ಸ್ಪೆಕ್ಟರ್ ಬರುತ್ತಾನೆ, ಬಳಸಕೂಡದೆಂದು ಎಲ್ಲರೆದುರು ಕೆಂಪು ಚೀಟಿ ಅಂಟಿಸುತ್ತಾನೆ. ಆಗ ಅತ್ತೆ ಯಾರ ಕೈ ಚೊಕ್ಕ ಎನ್ನುತ್ತಾಳೋ ನೋಡೋಣ. ಅಪಾಯವಾದರೆ ಕೂಗಿಕೊಳ್ಳಲು ಗೋಡೆಯಲ್ಲಿ ವಿಷಾನಿಲದ ಗಂಟೆ ಇದ್ದೇ ಇದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮೇಲೆ ಬಂದು ಇನ್ನೊಂದು ತಟ್ಟೆ ಪಿರೋಹಿ ತಿಂದ.

ಮಂಗಳವಾರ ಮಧ್ಯಾಹ್ನ ಡೇರಿಯ ಫೋನ್ ಮಾಡಿ, ಅಮ್ಮನಿಗೆ ನಿನ್ನೆಯಿಂದ ತಲೆನೋವು, ವಾಕರಿಕೆ, ಬಟ್ಟೆ ಒಗೆಯಲು ಹೋದವಳು ಮಲಗಿಬಿಟ್ಟಿದ್ದಾಳಂತೆ, ಫ್ಲೂ ಇರಬೇಕು ಎಂದಳು. ಮೈರನ್ ಕೈಯಲ್ಲಿದ್ದ ಸ್ಪ್ಯಾನರ್ ಬಿಸಾಕಿ, ಆಂಬುಲೆನ್ಸಿಗೆ ಹೇಳು ಎಂದಷ್ಟೇ ಕೂಗಿ ಗಾಡಿ ಹತ್ತಿದ. ಅತ್ತೆ ಸೋಫಾದ ಮೇಲೆ ಕೆಂಪೇರಿದ ಮುಖದಲ್ಲಿ ಒರಗಿದ್ದಳು. ಕೂಗಿದರೆ ತೊದಲಿದಳು. ಕಂಬಳಿ ಸುತ್ತಿ ಹೊತ್ತುಕೊಂಡು ಮೈ ಕೊರೆಯುವ ಚಳಿಗೆ ತಂದು ಗಾಡಿಯಲ್ಲಿ ಕೂರಿಸಿದ. ಉಸಿರು ಬಿಗಿಹಿಡಿದು ಒಳಗೆ ಓಡಿ ಗ್ಯಾಸ್ ಮುಚ್ಚಿ, ಬಾಗಿಲುಗಳನ್ನು ತೆರೆದಿಟ್ಟ. ಗೋಡೆಯ ಗಂಟೆಯಲ್ಲಿ ಬ್ಯಾಟರಿಯೇ ಇರಲಿಲ್ಲ. ಪೀಪೀ ಎನ್ನುತ್ತದೆಂದು ಅತ್ತೆ ಎಂದೋ ಕಿತ್ತು ಹಾಕಿದ್ದಳು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಅವಳು ಚೇತರಿಸಿಕೊಂಡಳು. ವೆಂಡೆಲ್ ಮಂಚದ ಬುಡದಲ್ಲಿ ನಿಂತು, ಚಿಮಣಿಯ ಕೊಳವೆ ನನ್ನ ಅಂಗಡಿಯಲ್ಲೇ ಬಿದ್ದಿದೆ, ಇಳಿಸುವ ಮುಂಚೆ ಟ್ಯಾಂಕ್ ಹೊತ್ತಿಸಿದ್ದು ನನ್ನದೇ ತಪ್ಪು ಎಂದು ಅತ್ತ. ಸ್ಟೆಫಾನಿಯ ಮೈರನ್‌ನ ಕೈ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನೀನಿಲ್ದಿದ್ರೆ ನಾನು ಇರ್ತಿರ್ಲಿಲ್ಲ ಕಣಪ್ಪ."

ಎಷ್ಟೋ ವರ್ಷ ಕಾದಿದ್ದ ಮಾತು. ಅವನು ಕೈ ಬಿಡಿಸಿಕೊಂಡ.

ಮರುದಿನ ಇಬ್ಬರೂ ಮಾಡು ಹತ್ತಿ ಚಿಮಣಿಗೆ ಕೊಳವೆ ಇಳಿಸಿದರು. ವೆಂಡೆಲ್ ಹಾಡಲಿಲ್ಲ. ಅರ್ಧ ಇಳಿದಾಗ ಮೈರನ್, ಅವನ ಮುಖ ನೋಡದೆ, "ಭಾನುವಾರಾನೇ ನೋಡಿದ್ದೆ ಕಣೋ. ಬೇಕಂತಲೇ ಹೇಳ್ಲಿಲ್ಲ" ಎಂದ.

ವೆಂಡೆಲ್‌ನ ಕೈ ನಿಂತಿತು. ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ಮೈರನ್ ಕಾದ. ವೆಂಡೆಲ್ ಮತ್ತೆ ಕೊಳವೆಗೆ ಕೈ ಹಾಕಿ, "ಕೊಳವೆ ಗಟ್ಟಿ ಹಿಡ್ಕೋ, ಜಾರುತ್ತೆ" ಎಂದಷ್ಟೇ ಹೇಳಿದ.

ಗುರುವಾರ ಇನ್‌ಸ್ಪೆಕ್ಟರ್ ಒಪ್ಪಿ ಹೋದ. ವೆಂಡೆಲ್ ಮಾಡಿನ ಮೇಲೆ ಕೇಳಿದ ಆ ಮಾತನ್ನು ಲ್ಯೂಬಾಳಿಗೂ ಹೇಳಲಿಲ್ಲ, ಅತ್ತೆಗೂ ಹೇಳಲಿಲ್ಲ. ಆದರೆ ಮೈರನ್ ಜೊತೆ ಮಾತೂ ಕೆಲಸದಷ್ಟಕ್ಕೇ ನಿಂತುಹೋಯಿತು. ಊಟದ ಮೇಜಿನಲ್ಲಿ ಅತ್ತೆ ಈಗ ಮೊದಲು ಮೈರನ್‌ಗೇ ಬಡಿಸುತ್ತಾಳೆ. ಎದುರಿಗೆ ವೆಂಡೆಲ್ ತಲೆ ತಗ್ಗಿಸಿ ತಪ್ಪೆಲ್ಲ ತನ್ನದೇ ಎಂಬಂತೆ ತಿನ್ನುತ್ತಾನೆ. ಮೈರನ್‌ನ ಪಾಲಿನ ತಪ್ಪನ್ನೂ ಹಾಗೆ ಹೊತ್ತುಕೊಂಡಿರುವುದು ಅವನಿಂದ ಹೇಗಾಗುತ್ತದೆ ಎಂದು ನೋಡುವಾಗ ಮೈರನ್‌ಗೆ ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಏಳುತ್ತದೆ.