ಕಲಾತಿನ ಸಾಲು

ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಗುಬ್ಬಿ ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಕೊರೆದವನು ನಾನು, ರಂಗರಾಜು. ನಿವೃತ್ತಿಯಾದ ಮೇಲೆ ಕೇಳುವವರು ಸಿಗದೆ ತುಮಕೂರಿನ ಪತ್ರಿಕೆಯೊಂದರ ಭಾನುವಾರದ ಪುಟಕ್ಕೆ ಬರೆಯತೊಡಗಿದೆ. ಅಲ್ಲಿ ಗೆಳೆಯ ಬುಡನ್ ಸಾಬರ ಮನೆತನದ ಕಥೆಯನ್ನೂ ಬರೆದುಬಿಟ್ಟೆ. ಹಾಳು ಚಪಲ.

ಬುಡನ್ ಸಾಬರು ಕುಣಿಗಲ್‌ನವರು. ಕುದುರೆಗೆ ಲಾಳ ಕಟ್ಟುವ ಮನೆತನ. ಟಿಪ್ಪುವಿನ ಕಾಲದಲ್ಲಿ ಕಲಾತ್ ಎಂಬ ಸೀಮೆಯಿಂದ ಕುದುರೆಗಳ ಜೊತೆ ಬಂದ ಮುರಾದ್ ತಮ್ಮ ಮೂಲಪುರುಷ ಎನ್ನುತ್ತಾರೆ. ಅವನಿಂದ ಹಿಡಿದು ಎಲ್ಲರ ಹೆಸರಿರುವ ವಂಶಾವಳಿ ಅವರ ತಗಡಿನ ಪೆಟ್ಟಿಗೆಯಲ್ಲಿದೆ. ಮನೆಯಲ್ಲಿ ಯಾರ ಮದುವೆಯಾದರೂ ಹಿರಿಯರು ಅದನ್ನು ಎದ್ದು ನಿಂತು ಓದಬೇಕು. ಒಂದು ಹೆಸರು ತಪ್ಪಿದರೂ ಕೇಳುತ್ತಿದ್ದವರಲ್ಲಿ ಒಬ್ಬರು ‘ಮೊದಲಿಂದ’ ಎನ್ನಬೇಕು. ಓದುವವರು ತುಟಿ ಪಿಟಕ್ಕೆನ್ನದೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಇಷ್ಟು ಸಿಕ್ಕರೆ ನನ್ನಂಥವನು ಬಿಡುತ್ತಾನೆಯೇ? ಕಲಾತನ್ನು ಆಳಿದ ಬ್ರಾಹುಯಿಗಳ ಮಾತು ನಮ್ಮ ಕನ್ನಡದ ದೂರದ ನೆಂಟ, ಅವರು ಕಣ್ಣಿಗೆ ಖನ್, ಕಲ್ಲಿಗೆ ಖಲ್ ಅನ್ನುತ್ತಾರೆ ಎಂದೆಲ್ಲ ಬರೆದೆ. ಬ್ರಿಟಿಷರು ಹೊರಟಾಗ ಕಲಾತ್ ತಾನು ಸ್ವತಂತ್ರ ಎಂದು ಸಾರಿತು, ಏಳೂವರೆ ತಿಂಗಳು ಹಾಗೇ ಇತ್ತು, ನಲವತ್ತೆಂಟರ ಮಾರ್ಚಿನಲ್ಲಿ ಪಾಕಿಸ್ತಾನಕ್ಕೆ ಸೇರಿತು ಎಂದು ಮುಗಿಸಿದೆ. ಉಳಿದದ್ದನ್ನು ಯಾರೂ ಓದಲಿಲ್ಲ. ಕೊನೆಯ ವಾಕ್ಯವನ್ನು ಎಲ್ಲರೂ ಓದಿದರು.

ಸಾಬರೂ ಅವರ ಹೆಂಡತಿ ಮುನವ್ವರಾ ಅವರೂ ಉಮ್ರಾಕ್ಕೆ ಹೋಗಲು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದರು. ಮೆಕ್ಕಾ ನೋಡಬೇಕೆಂಬುದು ಆಕೆಯ ಮೂವತ್ತು ವರ್ಷದ ಆಸೆ. ಒಂದು ಕಣ್ಣಿನ ದೃಷ್ಟಿ ಆಗಲೇ ಹೋಗಿತ್ತು, ಇನ್ನೊಂದು ಮಂಜಾಗುತ್ತಿತ್ತು. ವಿಚಾರಣೆಗೆ ಮಫ್ತಿಯಲ್ಲಿ ಒಬ್ಬ ಪೊಲೀಸಿನವನು ಬಂದ. ಅವನ ಕೈಯಲ್ಲಿ ನನ್ನ ಲೇಖನದ ಜೆರಾಕ್ಸ್ ಇತ್ತು. ಸಾಬರು ಫೋನ್ ಮಾಡಿದ ಕೂಡಲೇ ತುಮಕೂರಿನ ಶಿರಾ ಗೇಟಿನಿಂದ ಸಿಕ್ಕಿದ ಬಸ್ಸು ಹತ್ತಿ ಕುಣಿಗಲ್‌ಗೆ ಹೋದೆ.

“ಅಲ್ಲಿ ಈಗ ನಿಮ್ಮೋರು ಯಾರಿದಾರೆ?” ಎಂದು ಅವನು ಇನ್ನೂ ಕೇಳುತ್ತಲೇ ಇದ್ದ.

“ಇವರ ಅಜ್ಜನ ಅಜ್ಜನೂ ಕುಣಿಗಲ್‌ನಲ್ಲೇ ಹುಟ್ಟಿದ್ದು. ಆಗ ಪಾಕಿಸ್ತಾನ ಅನ್ನೋದೇ ಇರಲಿಲ್ಲ ಕಣ್ರೀ” ಎಂದು ನಾನು ಮೂಗು ತೂರಿಸಿದೆ.

“ಅದು ನಿಮ್ ಪುಸ್ತಕದಲ್ಲಿ ಸಾರ್. ನಮ್ ಫೈಲೇ ಬೇರೆ.” ಅವನು ಜೆರಾಕ್ಸನ್ನು ನಾಲ್ಕಾಗಿ ಮಡಚಿದ. “ಮದುವೇಲಿ ಓದ್ತೀರಂತಲ್ಲ? ಬರೋ ಶುಕ್ರವಾರ ಮೊಮ್ಮಗಳ ನಿಕಾಹ್ ಅಂತೆ. ನಾನೂ ಬರ್ತೀನಿ. ಅದಾದ್ಮೇಲೆ ರಿಪೋರ್ಟ್ ಬರೀತೀನಿ.”

ಅವನು ಚಹಾ ಕುಡಿದು, ಚೆನ್ನಾಗಿದೆ ಎಂದು ಹೇಳಿ ಹೋದ. ಬೈದು ಹೋಗಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

“ಆ ಮೊದಲನೇ ಸಾಲು ಒಂದು ಬಿಟ್ಟುಬಿಡಿ ಸಾಬ್ರೇ” ಎಂದೆ. ನಲವತ್ತು ಸಾವಿರ ಓದುಗರಿಗೆ ಸಾರಿದವನೇ ಈಗ ಬಾಯಿ ಮುಚ್ಚಿ ಎನ್ನುತ್ತಿದ್ದೆ. ನಾಚಿಕೆಯಾಯಿತು.

ಸಾಬರು ಒಳಗೆ ಹೆಂಡತಿಯ ಕಡೆ ನೋಡಿದರು. “ಕುಣಿಗಲ್ಲಿಂದ್ಲೇ ಶುರು ಮಾಡ್ತೀನಿ ಬುಡಿ ಮೇಷ್ಟ್ರೇ. ಅವಳು ಹೋಗ್ಬರ್ಲಿ.”

ಶುಕ್ರವಾರ ಮೊಮ್ಮಗಳು ರೂಬಿಯ ನಿಕಾಹ್ ಮುಗಿಯಿತು. ಶಾದಿಮಹಲಿನ ಮೂರನೇ ಸಾಲಿನಲ್ಲಿ ಆ ಮಫ್ತಿಯವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ, ಮೊಬೈಲನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡಿದ್ದ. ಪಕ್ಕದ ಕುರ್ಚಿಗಳು ಖಾಲಿಯಿದ್ದವು. ಯಾರೂ ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು.

ಸಾಬರು ಎದ್ದು ಕಾಗದ ಬಿಚ್ಚಿದರು. “ಕುಣಿಗಲ್‌ನ ಹುಸೇನ್. ಹುಸೇನನ ಮಗ ಖಾದರ್...” ಮುರಾದ್ ಇಲ್ಲ. ಕಲಾತ್ ಇಲ್ಲ. ಹಿರಿಯರೆಲ್ಲ ತಲೆ ತಗ್ಗಿಸಿದರು. ಅಷ್ಟು ಜನರಲ್ಲಿ ಯಾರ ಬಾಯಿಂದಲೂ ಆ ಒಂದು ಮಾತು ಹೊರಡಲಿಲ್ಲ. ಎಲ್ಲಿ ಬೇಡವೋ ಅಲ್ಲಿ ಮಾತಾಡುವ ನಾನು ಚಪ್ಪಲಿ ನೋಡುತ್ತಾ ಕೂತೆ. ಸಾಬರು ರೂಬಿಯ ಹೆಸರಿನವರೆಗೂ ಬಂದರು. ಬಚಾವಾದೆವು ಅಂದುಕೊಂಡೆ.

“ಮೊದಲಿಂದ.”

ಪರದೆಯ ಆಚೆ ಹೆಂಗಸರ ಕಡೆಯಿಂದ ಬಂದ ದನಿ ಮುನವ್ವರಾ ಅವರದು. ಮನೆಯವರ ಜೊತೆ ಯಾವಾಗಲೂ ಉರ್ದುವಿನಲ್ಲೇ ಮಾತಾಡುವ ಆಕೆ, ಮೂರನೇ ಸಾಲಿಗೂ ತಿಳಿಯಲಿ ಎಂಬಂತೆ ಅದನ್ನು ಕನ್ನಡದಲ್ಲಿ ಹೇಳಿದ್ದರು.

ಸಾಬರು ಪರದೆಯ ಕಡೆ ತಿರುಗಿದರು. “ಮುನವ್ವರಾ, ನಿನ್ನ ಉಮ್ರಾ...” ಎಂದರು.

“ಹಿರೀಕರ ಹೆಸರು ನುಂಗ್ಕೊಂಡು ಅಲ್ಲಿಗೆ ಹೋಗಿ ಏನಂತ ಕೇಳ್ಕೊಳ್ಲಿ? ಮೊದಲಿಂದ ಓದ್ರಿ.”

ಸಾಬರು ಕನ್ನಡಕ ಒರೆಸಿಕೊಂಡರು. “ಕಲಾತಿನ ಮುರಾದ್” ಎಂದರು. ದನಿ ಗಟ್ಟಿಯಾಗಿತ್ತು.

ಮೂರನೇ ಸಾಲಿನವನು ಮೊಬೈಲನ್ನು ತೊಡೆಯಿಂದ ಮೇಲೆತ್ತಿ ಹಿಡಿದ. ಮೊದಲು ಸಾಬರ ಮುಖಕ್ಕೆ ಹಿಡಿದ. ಆಮೇಲೆ ನಿಧಾನವಾಗಿ ಪರದೆಯ ಕಡೆ ತಿರುಗಿಸಿದ.